ತರ್ದವಾಡಿಯ ಸಾಮಂತ

ಹೋದ ವರ್ಷ ಕಲಬುರಗಿಯಿಂದ ಸೇಡಂ ಬಸ್ ಹತ್ತಿ ಮಳಖೇಡದಲ್ಲಿ ಇಳಿದಿದ್ದೆ. ಕಾಗಿಣಾ ದಂಡೆಯ ಕೋಟೆ ನೋಡಬೇಕು ಅನ್ನೋದು ಬಹಳ ದಿನದ ಆಸೆ. ಗೋಡೆಯ ನೆರಳಿನಲ್ಲಿ ಆಡು ಬಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆ.

"ಕಾಕಾ, ಈ ಕೋಟಿ ಯಾರ್ದು?"

"ನೃಪತುಂಗಂದು ನೋಡ್ರಿ."

"ಅವನಾದ ಮ್ಯಾಲೆ ಯಾರಿದ್ರು?"

"ಅವನಾದ ಮ್ಯಾಲೆ ಏನದರಿ, ಎಲ್ಲಾ ಹಾಳಾಯ್ತು."

ಅವರನ್ನೇನು ಅನ್ನೋದು, ನಮ್ಮ ಶಾಲೆಯ ಪಾಠವೂ ಹೆಚ್ಚುಕಡಿಮೆ ಹೀಗೇ ಇತ್ತು. ರಾಷ್ಟ್ರಕೂಟರು ಮುಗಿದರು, ಮುಂದಿನ ಪಾಠ ಕಲ್ಯಾಣದ ಚಾಲುಕ್ಯರು, ಅಲ್ಲಿ ವಿಕ್ರಮಾದಿತ್ಯ, ಬಿಲ್ಹಣ. ನಡುವೆ ಒಂದೇ ಸಾಲು: "973ರಲ್ಲಿ ಎರಡನೇ ತೈಲಪನು ರಾಷ್ಟ್ರಕೂಟರ ಕರ್ಕನನ್ನು ಸೋಲಿಸಿದನು." ಎರಡು ಅಂಕದ ಪ್ರಶ್ನೆಗೆ ಸಾಕು. ಆದರೆ ಇದೇ ಮಳಖೇಡದಲ್ಲಿ ಕೂತು ಇಪ್ಪತ್ತನಾಲ್ಕು ವರ್ಷ ಆಳಿದವನು ಆ ತೈಲಪ. ರಾಜಧಾನಿ ಕಲ್ಯಾಣಕ್ಕೆ ಹೋದದ್ದು ಅವನ ಕಾಲ ಕಳೆದು ಎಷ್ಟೋ ವರ್ಷದ ಮೇಲೆ. ಅವನ ಬಗ್ಗೆ ಒಂದೇ ಸಾಲು ತೀರಾ ಕಡಿಮೆಯಾಯ್ತು ಅನ್ನೋದು ನನ್ನ ತಕರಾರು.

ಅವನು ಶುರು ಮಾಡಿದ್ದು ಎಲ್ಲಿಂದ ನೋಡಿ. 957ರ ಹೊತ್ತಿಗೆ ಅವನು ರಾಷ್ಟ್ರಕೂಟರ ಮೂರನೇ ಕೃಷ್ಣನ ಕೈಕೆಳಗೆ ಒಬ್ಬ ಸಾಧಾರಣ ಅಧಿಕಾರಿ. 965ರ ಶಾಸನದಲ್ಲಿ ಬಡ್ತಿ ಸಿಕ್ಕಿದೆ: ಮಹಾಸಾಮಂತಾಧಿಪತಿ ಆಹವಮಲ್ಲ ತೈಲಪರಸ. ಈಗಿನ ವಿಜಯಪುರ ಜಿಲ್ಲೆ ಕಡೆಯ ತರ್ದವಾಡಿ ಸಾಸಿರ ಅನ್ನೋ ಸೀಮೆ ಅವನಿಗೆ ಅಣುಗಜೀವಿತವಾಗಿ ಬಂದಿತ್ತು. ಅಂದರೆ ಸೇವೆ ಮಾಡು, ಈ ಸೀಮೆಯ ಹುಟ್ಟುವಳಿಯಲ್ಲಿ ನೀನೂ ನಿನ್ನ ದಂಡೂ ಬದುಕಿಕೊಳ್ಳಿ ಅಂತ ದೊರೆ ಬಿಟ್ಟುಕೊಟ್ಟ ನಾಡು. ಹೆಂಡತಿ ಜಾಕಬ್ಬೆ ರಾಷ್ಟ್ರಕೂಟರ ಮನೆಯ ಮಗಳು. ತಾಯಿ ಬೊಂಥಾದೇವಿ ತ್ರಿಪುರಿಯ ಕಲಚುರಿ ರಾಜನ ಮಗಳು. ಕಡಿಮೆ ಸಂಬಂಧಗಳಲ್ಲ.

ಕೃಷ್ಣ ಇರುವವರೆಗೆ ತೈಲಪ ಅಲ್ಲಾಡಲಿಲ್ಲ. ಅಲ್ಲಾಡಿದ್ದರೆ ಉಳಿಯುತ್ತಿರಲಿಲ್ಲ ಬಿಡಿ. ತಂಜಾವೂರಿನ ಚೋಳರನ್ನೇ ತಕ್ಕೋಲದಲ್ಲಿ ಮಣ್ಣುಮುಕ್ಕಿಸಿದ ದೊರೆ ಅವನು. 967ರಲ್ಲಿ ಕೃಷ್ಣ ಹೋದ, ಪಟ್ಟ ತಮ್ಮ ಖೊಟ್ಟಿಗನಿಗೆ ಬಂತು. 972ರಲ್ಲಿ ಮಾಳವದ ಪರಮಾರ ಸೀಯಕ ನರ್ಮದೆ ದಾಟಿ ಬಂದು ರಾಜಧಾನಿ ಮಾನ್ಯಖೇಟವನ್ನೇ, ಅಂದರೆ ಇದೇ ಮಳಖೇಡವನ್ನೇ, ಲೂಟಿ ಹೊಡೆದ. ಅದಾದ ಸ್ವಲ್ಪ ದಿನಕ್ಕೆ ಖೊಟ್ಟಿಗನೂ ತೀರಿಕೊಂಡ. ಅವನ ಸೋದರನ ಮಗ ಕರ್ಕ ಪಟ್ಟಕ್ಕೆ ಬಂದ. ಮರುವರ್ಷವೇ ತೈಲಪ ಎದ್ದ.

ಇಲ್ಲಿ ಕೆಲವರು ಅವನನ್ನು ಉಂಡ ಮನೆಯ ಜಂತೆ ಎಣಿಸಿದವನು ಅಂತಾರೆ. ಇನ್ನು ಕೆಲವರು ರಾಷ್ಟ್ರಕೂಟರು ಕಿತ್ತೊಗೆದಿದ್ದ ಬಾದಾಮಿ ಚಾಲುಕ್ಯರ ರಕ್ತ, ಇನ್ನೂರು ವರ್ಷದ ಸೇಡು ತೀರಿಸಿಕೊಂಡ ಅಂತ ಎದೆ ತಟ್ಟಿಕೊಳ್ಳುತ್ತಾರೆ. ನನಗೆ ಎರಡೂ ರುಚಿಸಲ್ಲ. ಆ ವಂಶಾವಳಿ ವಿವರವಾಗಿ ಕಾಣಿಸುವುದು 1009ರ ಕೌಠೇಂ ತಾಮ್ರಪಟದಲ್ಲಿ. ಅದನ್ನು ಬರೆಸಿದವನು ತೈಲಪನ ಮೊಮ್ಮಗ ಐದನೇ ವಿಕ್ರಮಾದಿತ್ಯ. ಗೆದ್ದು ಮೂರು ದಶಕ ಆದಮೇಲೆ! ಆ ಪಟ್ಟಿ ಪೂರ್ತಿ ನಿಜ ಅಂತ ಎಲ್ಲ ಇತಿಹಾಸಕಾರರೂ ಒಪ್ಪಿಲ್ಲ. ಹಾಗಂತ ಸುಳ್ಳು ಅಂತಲೂ ನಾನು ಹೇಳ್ತಿಲ್ಲ. ಆದರೆ 973ರಲ್ಲಿ ಅವನ ಕೈಲಿದ್ದದ್ದು ಅಜ್ಜನ ಹೆಸರಿಗಿಂತ ಹೆಚ್ಚಾಗಿ ಒಂದು ಫಲವತ್ತಾದ ಸೀಮೆ, ತನ್ನದೇ ದಂಡು, ಹದಿನಾರು ವರ್ಷ ಅರಮನೆಯ ಒಳಹೊರಗನ್ನು ಹತ್ತಿರದಿಂದ ನೋಡಿದ ಅನುಭವ. ನಾವು ಆಫೀಸಿನಲ್ಲಿ ಒಬ್ಬರ ಕೆಳಗೆ ಅಷ್ಟು ವರ್ಷ ಇದ್ದರೆ ಕುರ್ಚಿಯ ಯಾವ ಕಾಲು ಅಲ್ಲಾಡುತ್ತೆ ಅಂತ ಗೊತ್ತಿರಲ್ವಾ?

ಕರ್ಕನನ್ನು ಓಡಿಸಿದ್ದು ಸುಲಭದ ಭಾಗ. ತನ್ನ ಸೋದರಳಿಯನ ಪರವಾಗಿ ಎದ್ದುನಿಂತ ಗಂಗರ ಮಾರಸಿಂಹ. ಮೂರನೇ ಕೃಷ್ಣನ ಮೊಮ್ಮಗ ಇಂದ್ರ ಮಾರಸಿಂಹನಿಗೆ ಸೋದರಿಯ ಮಗ. ಅವನಿಗೆ ಪಟ್ಟ ಕಟ್ಟಿ ರಾಷ್ಟ್ರಕೂಟರನ್ನು ಉಳಿಸಬೇಕು ಅಂತ ಮಾರಸಿಂಹ ಹೆಣಗಿದ. ಆಗಲಿಲ್ಲ. 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ, ಅಂದರೆ ಜೈನರ ಉಪವಾಸ ವ್ರತ, ಮಾಡಿ ಪ್ರಾಣ ಬಿಟ್ಟ. ಇಂದ್ರ ಇನ್ನೂ ಎಂಟು ವರ್ಷ ಬದುಕಿದ್ದು, 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದ.

ಬೆಳಗೊಳಕ್ಕೆ ಹೋದವರು ಗೊಮ್ಮಟನನ್ನು ನೋಡಿ ಇಳಿದುಬಿಡ್ತಾರೆ. ಎದುರಿನ ಚಿಕ್ಕಬೆಟ್ಟ ಚಂದ್ರಗಿರಿಗೂ ಒಮ್ಮೆ ಹತ್ತಿ. ಮಾರಸಿಂಹನ ನೆನಪಿನ ಕೂಗೆ ಬ್ರಹ್ಮದೇವರ ಕಂಬ ಅಲ್ಲೇ ಇದೆ. ಇಂದ್ರನ ಶಾಸನವೂ ಅದೇ ಬೆಟ್ಟದಲ್ಲಿದೆ. ಅದರಲ್ಲಿ ಕುದುರೆ ಏರಿ ಆಡುವ ಚೆಂಡಾಟದಲ್ಲಿ ಅವನ ಕೈಚಳಕ ಎಂಥದ್ದು ಅಂತ ಹೊಗಳಿದ್ದಾರೆ. ಗೆದ್ದ ಯುದ್ಧಗಳ ಪಟ್ಟಿ ಇರಬೇಕಾದ ಜಾಗದಲ್ಲಿ ಒಂದು ಆಟ. ಇದನ್ನು ಮೊದಲ ಸಲ ಓದಿದಾಗ ತೈಲಪನ ಮೇಲೆ ಸ್ವಲ್ಪ ಸಿಟ್ಟೇ ಬಂದಿತ್ತು. ಸಿಂಹಾಸನ ಕೈತಪ್ಪಿದ ಆ ಹುಡುಗನ ಬಗ್ಗೆ ಯಾರಾದರೂ ಕಾದಂಬರಿ ಬರೆಯಬಾರದಾ?

ಯುದ್ಧಗಳ ಲೆಕ್ಕ ಬೇಗ ಮುಗಿಸ್ತೀನಿ. ಗಂಗರ ಪಾಂಚಾಲದೇವ ತಿರುಗಿಬಿದ್ದು ಸತ್ತ. 992ರ ಕೋಗಳಿ ಶಾಸನದ ಪ್ರಕಾರ ಚೋಳರಿಂದ 150 ಆನೆ ಕಿತ್ತುಕೊಂಡು ತೈಲಪ ರೊದ್ದದಲ್ಲಿ ಬೀಡುಬಿಟ್ಟಿದ್ದ.

ಮಾಳವದ ಮುಂಜನ ಕಥೆ ಮಾತ್ರ ನಿಧಾನವಾಗಿ ಹೇಳಬೇಕಾದದ್ದು. ಈ ಮುಂಜ ಮಾನ್ಯಖೇಟ ಲೂಟಿ ಮಾಡಿದ ಸೀಯಕನ ಉತ್ತರಾಧಿಕಾರಿ, ಭೋಜರಾಜನ ದೊಡ್ಡಪ್ಪ, ಸ್ವತಃ ಕವಿ. ಗುಜರಾತಿನ ಜೈನ ಕಥೆಗಾರ ಮೇರುತುಂಗ ಮುನ್ನೂರು ವರ್ಷದ ಮೇಲೆ ಬರೆದದ್ದು ಹೀಗೆ: ಮುಂಜ ಆರು ಸಲ ತೈಲಪನನ್ನು ಸೋಲಿಸಿದ್ದ. ಗೋದಾವರಿ ದಾಟಬೇಡಿ ಅಂತ ಮಂತ್ರಿ ರುದ್ರಾದಿತ್ಯ ಕೇಳಿಕೊಂಡರೂ ಕೇಳದೆ ದಾಟಿದ, ಸಿಕ್ಕಿಬಿದ್ದ. ಸೆರೆಯಲ್ಲಿ ತೈಲಪನ ತಂಗಿ ಮೃಣಾಲವತಿಯ ಮೇಲೆ ಮನಸ್ಸಾಯ್ತು. ಅವನನ್ನು ಬಿಡಿಸಲು ಅವನ ಕಡೆಯವರು ಸುರಂಗ ತೋಡಿದ್ದರು. ಅದನ್ನು ಅವಳಿಗೆ ಹೇಳಿದ. ಅವಳು ಅಣ್ಣನಿಗೆ ಹೇಳಿದಳು. ತೈಲಪ ಅವನನ್ನು ಮನೆಮನೆ ಭಿಕ್ಷೆ ಬೇಡಿಸಿ ಆಮೇಲೆ ಕೊಲ್ಲಿಸಿದ.

ಸೆರೆ ಹಿಡಿದದ್ದು ನಿಜ, ಚಾಲುಕ್ಯರ ಶಾಸನಗಳೂ ಹೇಳುತ್ತವೆ. ಪ್ರೇಮ, ಸುರಂಗ, ಭಿಕ್ಷೆ ಎಲ್ಲ ಕಥೆಯ ಮಸಾಲೆ ಇರಬಹುದು. ನನಗೆ ಹಿಡಿಸಿದ್ದು ಬೇರೆ. ಸೋತವನ ಕಡೆಯವರು ಇಷ್ಟು ಕಣ್ಣೀರು ಹಾಕಿಸುವ ಕಥೆ ಉಳಿಸಿಕೊಂಡರು. ಗೆದ್ದ ನಾವು? ಒಂದು ಲಾವಣಿಯೂ ಇಲ್ಲ. ಮುಧೋಳದ ಬಳೆಗಾರರ ಮನೆಯಿಂದ ಬಂದ ರನ್ನ ಅವನ ಕಾಲದಲ್ಲೇ ಇದ್ದ. ಆದರೆ ಗದಾಯುದ್ಧದ ಭೀಮನಿಗೆ ಹೋಲಿಸಿದ್ದು ಮಗ ಸತ್ಯಾಶ್ರಯನನ್ನು. ಅಪ್ಪನಿಗೆ ಅಲ್ಲೂ ಹಿಂದಿನ ಸಾಲೇ.

ಅವನ ಕಾಲದ ಒಂದು ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ತೈಲಪನ ದಂಡನಾಯಕ ನಾಗದೇವನ ಹೆಂಡತಿ ಅತ್ತಿಮಬ್ಬೆ. ಗಂಡ ತೀರಿಹೋದ ಮೇಲೆ ರನ್ನನಿಂದ ಅಜಿತಪುರಾಣ ಬರೆಸಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಪೊನ್ನ ಯಾರ ಆಸ್ಥಾನದ ಕವಿ ಗೊತ್ತಲ್ಲ? ಅದೇ ಮೂರನೇ ಕೃಷ್ಣನ ಆಸ್ಥಾನದವನು. ಅವಳ ಗಂಡನ ಒಡೆಯ ಕಿತ್ತೊಗೆದ ಮನೆತನದ ಕವಿ. ರಾಜರ ಜಗಳ ಓಲೆಗರಿಯವರೆಗೆ ಬರಲಿಲ್ಲ ಅನ್ನೋದು ನನಗೆ ಖುಷಿ ಕೊಡುವ ವಿಷಯ.

997ರಲ್ಲಿ ತೈಲಪ ತೀರಿಕೊಂಡ. ಮನೆತನ ಮುಂದೆ ಇನ್ನೂರು ವರ್ಷದ ಹತ್ತಿರ ನಡೆಯಿತು.

ಮತ್ತೆ ತರ್ದವಾಡಿಗೆ ಬರ್ತೀನಿ. ಹನ್ನೆರಡನೇ ಶತಮಾನದಲ್ಲಿ ಚಾಲುಕ್ಯರು ಆ ಸೀಮೆಯನ್ನು ತಮ್ಮ ಒಬ್ಬ ಸಾಮಂತನಿಗೆ ವಹಿಸಿದ್ದರು. ಕಲಚುರಿ ಕುಲದವನು, ದೊರೆಗೆ ಬೇಕಾದವನು. ಆಗ ಪಟ್ಟದಲ್ಲಿದ್ದ ಚಾಲುಕ್ಯ ದೊರೆಯ ಹೆಸರೂ ತೈಲಪ, ಮೂರನೆಯವನು. ಆ ಸಾಮಂತ ಅವನನ್ನು ಕಲ್ಯಾಣದಿಂದ ಓಡಿಸಿ ತಾನೇ ದೊರೆಯಾದ. ಅವನನ್ನು ನಾವೆಲ್ಲ ಬಸವಣ್ಣನವರ ಕಥೆಯಲ್ಲಿ ನೋಡಿದ್ದೇವೆ, ಬಿಜ್ಜಳ.