ಎಲ್ಲಿಗೆ ಅಂತ ಕೇಳಬೇಡಿ ಅಜ್ಜಿ

ಬುಧವಾರ ರೈಲು ತಪ್ಪಿತು. ಕಣ್ಣ ಮುಂದೆಯೇ ತಪ್ಪಿತು. ದಲಾಂಗು ಸ್ಟೇಷನ್ನಿನ ಗೇಟಿಗೆ ಕಾರ್ಡ್ ಮುಟ್ಟಿಸುವಷ್ಟರಲ್ಲಿ ಅದರ ಬಾಗಿಲುಗಳು ಮುಚ್ಚಿಕೊಂಡವು. ಒಳಗೆ ಕೂತಿದ್ದ ಮಗುವೊಂದು ನನಗೆ ಟಾಟಾ ಮಾಡಿತು. ರೈಲು ಸೋಲೋ ಕಡೆ ಹೊರಟೇಹೋಯಿತು.

ಇದು ಇಂಡೊನೇಷ್ಯಾದ ಜಾವಾ ದ್ವೀಪ. ಇಲ್ಲಿನ ಜೋಗ್ಯ, ಸೋಲೋ ಅನ್ನುವ ಎರಡು ನಗರಗಳ ನಡುವೆ ಈ ಕರೆಂಟ್ ರೈಲು ಶುರುವಾಗಿದ್ದು 2021ರಲ್ಲಿ. ಟಿಕೆಟ್ಟಿಗೆ 8,000 ರುಪಿಯಾ. ಗಾಬರಿಯಾಗಬೇಡಿ, ನಮ್ಮ ಲೆಕ್ಕದಲ್ಲಿ ಐವತ್ತು ರೂಪಾಯಿಯೂ ಆಗುವುದಿಲ್ಲ. ಅಗ್ಗ, ಎಸಿ ಇದೆ, ಹೇಳಿದ ಹೊತ್ತಿಗೆ ಬರುತ್ತದೆ, ಹೇಳಿದ ಹೊತ್ತಿಗೆ ಹೋಗುತ್ತದೆ. ತೊಂದರೆ ಇರುವುದೇ ಅಲ್ಲಿ. ಇಷ್ಟು ಸರಿಯಾಗಿ ಓಡುವ ರೈಲನ್ನು ನಮ್ಮಂಥ ಊರಿನ ಪಕ್ಕದಲ್ಲಿ ಓಡಿಸಬಾರದು.

ನಾನು ಹಾಸನದ ಕಡೆಯವಳು. ನಮ್ಮೆಜಮಾನರು ಜಾವಾದವರು. ಇರುವುದು ಕ್ಲಾತೆನ್ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ಸುತ್ತ ಭತ್ತದ ಗದ್ದೆ. ರೊಜೊಲೆಲೆ ಅಂತ ಘಮಘಮಿಸುವ ಅಕ್ಕಿಗೆ ಹೆಸರಾದ ಸೀಮೆ ಇದು. ಮನೆಯಿಂದ ಸ್ಟೇಷನ್ನಿಗೆ ಬೈಕಿನಲ್ಲಿ ಹತ್ತು ನಿಮಿಷದ ದಾರಿ. ಅವತ್ತು ಮುಕ್ಕಾಲು ಗಂಟೆ ಮೊದಲೇ ಹೊರಟಿದ್ದೆ. ನನ್ನ ವಾಸದ ಪರ್ಮಿಟ್ಟಿನ ಕೆಲಸಕ್ಕೆ ಸೋಲೋದಲ್ಲಿ ಮೊದಲೇ ಸಮಯ ಗೊತ್ತು ಮಾಡಿಕೊಂಡಿದ್ದೆ. ಹೊರಡುವುದರಲ್ಲಿ ನನ್ನ ಕಡೆಯಿಂದ ಯಾವ ಕೊರತೆಯೂ ಇರಲಿಲ್ಲ.

ಎಲ್ಲಕ್ಕೂ ಮೂಲ ಎದುರು ಮನೆ ಅಜ್ಜಿ.

ಮನೆ ಮುಂದೆ ಬಿದಿರಿನ ಮಂಚ ಹಾಕಿಕೊಂಡು ಬೆಳಗಿನಿಂದ ಕತ್ತಲಾಗುವವರೆಗೆ ಅಲ್ಲೇ ಇರುತ್ತಾರೆ. ಸೊಪ್ಪು ಬಿಡಿಸುವುದು ಅಲ್ಲಿ, ಚಹಾ ಕುಡಿಯುವುದು ಅಲ್ಲಿ, ತೂಕಡಿಸುವುದೂ ಅಲ್ಲೇ. ಆದರೆ ನನ್ನ ಬೈಕಿನ ಸ್ಟ್ಯಾಂಡ್ ಎತ್ತಿದ ಸದ್ದಾಯಿತೋ, ಎಂಥ ನಿದ್ದೆಯಿದ್ದರೂ ಕಣ್ಣು ತೆರೆಯುತ್ತದೆ.

"ಎಲ್ಲಿಗೆ ಹೊರಟೆ ಮಗಳೇ?"

ನಮ್ಮಲ್ಲಿ 'ಊಟ ಆಯ್ತಾ' ಅಂತ ಕೇಳಿದ ಹಾಗೆ ಇದು, ಉಪಚಾರದ ಮಾತು. ಕೇಳದೆ ಸುಮ್ಮನಿದ್ದರೆ ಏನೋ ಮುನಿಸು ಅಂತ ತಿಳಿಯಬೇಕು. ನನ್ನ ಗ್ರಹಚಾರಕ್ಕೆ ನಾನು ಬೆಳೆದಿದ್ದು ಹೊರಟವರನ್ನು 'ಎಲ್ಲಿಗೆ' ಅಂದರೆ ಹೋದ ಕೆಲಸ ಆಗುವುದಿಲ್ಲ ಅನ್ನುವ ಮನೆಯಲ್ಲಿ. ಕೇಳಲೇಬೇಕು ಅಂತಿದ್ದರೆ 'ದೂರ ಹೊರಟ್ರಾ?' ಅನ್ನಬೇಕು. ಯಾರಾದರೂ ಬಾಯಿ ತಪ್ಪಿ ಕೇಳಿಬಿಟ್ಟರೆ ಅಮ್ಮ ಮುಖ ಸಿಂಡರಿಸಿಕೊಂಡು ವಾಪಸ್ ಬಂದು, ಒಂದು ಗಳಿಗೆ ಕೂತು, ಒಂದು ಗುಟುಕು ನೀರು ಕುಡಿದು, ಹೊಸದಾಗಿ ಹೊರಡುತ್ತಿದ್ದರು. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ನನ್ನ ಕಾಲಿಗೆ ಇದೆ. ಅದು ತಾನಾಗಿ ಹಿಂದಕ್ಕೆ ತಿರುಗುತ್ತದೆ.

ಬುಧವಾರವೂ ತಿರುಗಿತು. ಒಳಗೆ ಹೋದೆ, ಕೂತೆ, ನೀರು ಕುಡಿದೆ, ಹೊರಗೆ ಬಂದೆ. ಅಜ್ಜಿಯ ಲೆಕ್ಕದಲ್ಲಿ ಇದು ಬೇರೆಯೇ ಪ್ರಯಾಣ.

"ಎಲ್ಲಿಗೆ ಮಗಳೇ?"

"ಸೋಲೋಗೆ ಅಜ್ಜಿ."

"ಓ, ಈಗ ಸೋಲೋಗಾ? ಮತ್ತೆ ಆಗ ಎಲ್ಲಿಗೆ ಹೊರಟಿದ್ದೆ?"

ಆಗಲೂ ಸೋಲೋಗೇ ಅಂತ ಹೇಳುವಷ್ಟರಲ್ಲಿ ಕಾಲು ಮತ್ತೆ ಹೊಸ್ತಿಲು ದಾಟಿತ್ತು. ಮತ್ತೆ ಕುರ್ಚಿ, ಮತ್ತೆ ನೀರು. ಹೊರಗೆ ಬಂದರೆ ಅಜ್ಜಿಯ ಮುಖದಲ್ಲಿ ನಿಜವಾದ ಚಿಂತೆ. "ಏನಾದ್ರೂ ಮರೆತೆಯಾ? ಸೋಲೋದಲ್ಲಿ ಎಲ್ಲಿಗೆ?"

ಈಗ ಹೇಳಿ, ನಾನೇನು ಮಾಡಬೇಕಿತ್ತು? ಹಿತ್ತಲ ಕಡೆಯಿಂದ ಬೈಕ್ ತಳ್ಳಿಕೊಂಡು, ಬಾಳೆಗಿಡಗಳ ಸಂದಿಯಲ್ಲಿ ತಲೆ ಬಗ್ಗಿಸಿಕೊಂಡು ಹೊರಟೆ. ಗಾಡಿ ಸ್ಟಾರ್ಟ್ ಕೂಡ ಮಾಡಿರಲಿಲ್ಲ. ಕೊನೆಯ ಬಾಳೆಗಿಡ ದಾಟಿ ತಲೆ ಎತ್ತಿದರೆ ಅಜ್ಜಿ ನಿಂತಿದ್ದಾರೆ. ಕೈಯಲ್ಲಿ ನನ್ನ ನೀರಿನ ಬಾಟಲಿ! "ಇದನ್ನ ಕಟ್ಟೆ ಮೇಲೇ ಬಿಟ್ಟಿದ್ದೆ. ಈ ಕಡೆಯಿಂದ ಎಲ್ಲಿಗೆ?"

ಅಷ್ಟು ಹೊತ್ತಿಗೆ ಎಷ್ಟು ನೀರು ಕುಡಿದಿದ್ದೆ ಅಂದರೆ, ಇನ್ನೊಂದು ಸಲ ಒಳಗೆ ಹೋಗಲೇಬೇಕಾಯಿತು. ಅದಕ್ಕೂ ಶಕುನಕ್ಕೂ ಸಂಬಂಧವಿಲ್ಲ.

ನಿಜ ಹೇಳಿದರೆ ಖರ್ಚು ಬೇರೆ. ಸಂತೆಗೆ ಅಂದರೆ ಏನೂ ತರಬೇಕಿಲ್ಲ. ಸೋಲೋಗೆ ಅಂದರೆ ಬರುವಾಗ ಸೆರಾಬಿ ತರಬೇಕು. ಅಕ್ಕಿಹಿಟ್ಟು, ತೆಂಗಿನ ಹಾಲಿನಲ್ಲಿ ಮಾಡಿ ಬಾಳೆ ಎಲೆಯಲ್ಲಿ ಸುತ್ತಿಕೊಡುವ ತಿಂಡಿ. ಬೆಂಗಳೂರಿಗೆ ಅಂದುಬಿಟ್ಟರೆ ಮುಗಿಯಿತು, ಅರ್ಧ ಸೂಟ್‌ಕೇಸ್ ಮೈಸೂರು ಪಾಕಿಗೆ ಮೀಸಲು. ಕೇಳಿದವರಿಗೆಲ್ಲ ಒಂದೊಂದು ತುಂಡಾದರೂ ಮುಟ್ಟಬೇಕಲ್ಲ. ಇದಕ್ಕೆ ನಮ್ಮೆಜಮಾನರ ಹತ್ತಿರ ಉಪಾಯ ಇದೆ. "ಉತ್ತರಕ್ಕೆ ಅಂತ ಹೇಳಿಬಿಡು. ನಾವೆಲ್ಲ ಹಾಗೇ ಹೇಳೋದು."

ಹೇಳಬಹುದು, ಉತ್ತರ ಯಾವ ಕಡೆ ಅಂತ ಗೊತ್ತಿದ್ದರೆ. ಈ ಊರಿನವರಿಗೆ ಎಡ-ಬಲ ಅನ್ನುವುದು ಬರೀ ಕೈಗೆ. ಉಳಿದಿದ್ದೆಲ್ಲ ದಿಕ್ಕು. ಪಶ್ಚಿಮಕ್ಕೆ ಮೆರಾಪಿ ಬೆಟ್ಟ, ಪೂರ್ವಕ್ಕೆ ಲಾವು ಬೆಟ್ಟ, ನಡುವೆ ಹುಟ್ಟಿ ಬೆಳೆದವರಿಗೆ ದಿಕ್ಕು ತಪ್ಪುವ ಮಾತೇ ಇಲ್ಲ. ನಮ್ಮತ್ತೆ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ನಿಂತು, "ಉಪ್ಪು ಸಕ್ಕರೆ ಡಬ್ಬದ ಪಶ್ಚಿಮಕ್ಕಿದೆ ನೋಡು" ಅನ್ನುತ್ತಾರೆ. ನಾನು ಎರಡೂ ಡಬ್ಬದ ಮುಚ್ಚಳ ತೆಗೆದು ನೆಕ್ಕಿ ನೋಡುತ್ತೇನೆ.

ಅಂತೂ ಹೊರಟೆ. ಮೂಲೆ ತಿರುಗಿದರೆ ರಸ್ತೆಯೇ ಇಲ್ಲ. ರಸ್ತೆಯಿದ್ದ ಜಾಗದಲ್ಲಿ ಮದುವೆ.

ಈ ಅಂಚಿನಿಂದ ಆ ಅಂಚಿನವರೆಗೆ ಶಾಮಿಯಾನ, ಕೆಳಗೆ ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ಆಳೆತ್ತರದ ಸ್ಪೀಕರ್‌ಗಳು. ಹಾಡಿನ ಪೆಟ್ಟಿಗೆ ನನ್ನ ಬೈಕಿನ ಕನ್ನಡಿ ತಾನಾಗಿ ನಡುಗುತ್ತಿತ್ತು. ಬುಧವಾರ ಬೆಳಗ್ಗೆ ಯಾರಾದರೂ ಮದುವೆ ಮಾಡುತ್ತಾರಾ? ಇಲ್ಲಿ ಮಾಡುತ್ತಾರೆ. ಏಳು ದಿನದ ವಾರದ ಜೊತೆಗೆ ಇವರಿಗೆ ಐದು ದಿನದ ಇನ್ನೊಂದು ವಾರವಿದೆ: ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್. ಎರಡೂ ಸೇರಿ 35 ದಿನಕ್ಕೆ ಒಂದು ಸುತ್ತು. ಒಂದೊಂದು ದಿನಕ್ಕೂ ಒಂದೊಂದು ಅಂಕಿ. ಬುಧವಾರಕ್ಕೆ 7, ಪೊನ್‌ಗೂ 7, ಶನಿವಾರಕ್ಕಾದರೆ 9. ಹುಡುಗ-ಹುಡುಗಿ ಹುಟ್ಟಿದ ದಿನಗಳ ಅಂಕಿ ಕೂಡಿಸಿ, ಭಾಗಿಸಿ ನೋಡಿ ಹಿರಿಯರು ಮದುವೆಗೆ ದಿನ ಹೇಳುತ್ತಾರೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ರಾಹುಕಾಲ ನೋಡದೆ ಹಾಲು ಉಕ್ಕಿಸದ ಜನ ನಾವು. ನನ್ನ ತಕರಾರು ಇಷ್ಟೇ, ಆ ಲೆಕ್ಕದಲ್ಲಿ ರೈಲಿನ ಟೈಮ್ ಟೇಬಲ್ಲನ್ನೂ ಸೇರಿಸಿಕೊಳ್ಳಬಾರದಾ?

ಊರಿನ ರಸ್ತೆಯನ್ನು ಅಂಗಳ ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಸರಿ. ಹಾಗಾದರೆ ನಮ್ಮ ಅಂಗಳ ಏನು? ಊರಿನ ರಸ್ತೆ.

ಮನೆಗೆ ಸುತ್ತುಗೋಡೆ ಇಲ್ಲ. ಎಲ್ಲೆ ಅಂತ ಇರುವುದು ಕೆಂಪು ಎಲೆಯ ಒಂದು ಸಾಲು ಗಿಡ. ಬೆಳಗ್ಗೆ ಕತ್ತಲಿರುವಾಗಲೇ ಮಸೀದಿಗೆ ಹೋಗುವವರು ಹಾದುಹೋಗುತ್ತಾರೆ. ಆಮೇಲೆ ಬೈಕಿಗೆ ಎರಡೂ ಕಡೆ ಸೊಪ್ಪು, ಮೀನು, ತೆಂಪೆ ಅನ್ನುವ ಹುದುಗಿಸಿದ ಸೋಯಾಕಾಳಿನ ಬಿಲ್ಲೆ ನೇತುಹಾಕಿಕೊಂಡು ತರಕಾರಿಯವನು. ಆಮೇಲೆ ಸ್ಕೂಲು ಮಕ್ಕಳು. ಆಮೇಲೆ ಯಾರದೋ ಬಾತುಕೋಳಿಗಳ ಮೆರವಣಿಗೆ. ಜಗಳ ಆಡೋಣ ಅಂದರೆ ಜನ ಅಷ್ಟು ಮರ್ಯಾದಸ್ಥರು. ನಾನು ನೈಟಿಯಲ್ಲಿ ಹಲ್ಲುಜ್ಜುತ್ತಾ ನಿಂತಿದ್ದರೆ, ಸೊಂಟ ಬಗ್ಗಿಸಿ, ಬಲಗೈಯನ್ನು ನೆಲದ ಕಡೆಗೆ ಇಳಿಬಿಟ್ಟು, "ನುವುನ್ ಸೆವು" ಅಂತ ಅಪ್ಪಣೆ ಬೇಡುತ್ತಾ ಮುಂದೆ ಹಾಯುತ್ತಾರೆ. ಬಾಯಿ ತುಂಬ ನೊರೆ ಇಟ್ಟುಕೊಂಡು ಯಾರಿಗೆ ಏನು ಬೈಯುವುದು? ಬಾತುಕೋಳಿಗಳು ಮಾತ್ರ ಅಪ್ಪಣೆ ಕೇಳುವುದಿಲ್ಲ.

ಹಾಗೆ ನೋಡಿದರೆ ಬೈಯಲು ನನಗೆ ಹಕ್ಕೂ ಇಲ್ಲ. ಇಂಡೊನೇಷ್ಯಾದ 1960ರ ಭೂಕಾಯಿದೆ ಪ್ರಕಾರ ಪರದೇಶದವರಿಗೆ ನೆಲದ ಪೂರ್ತಿ ಒಡೆತನ ಸಿಗುವುದಿಲ್ಲ. ಗಂಡನಿಂದ ಬಂದರೂ ಅಷ್ಟೇ, ಒಂದು ವರ್ಷದೊಳಗೆ ಬಿಟ್ಟುಕೊಡಬೇಕು. ಮುಂದೆ ಅಂಗೈಯಗಲ ಜಾಗ ಕೊಂಡರೂ ತೊಡಕಾಗದಿರಲಿ ಅಂತ, ಮದುವೆಗೆ ಮುಂಚೆಯೇ ನೋಟರಿ ಮುಂದೆ ಕೂತು 'ಅವರ ಆಸ್ತಿ ಅವರದು, ಇವರದು ಇವರದು' ಅಂತ ಸಹಿ ಹಾಕಿದ್ದೆವು. ಫೋನಿನಲ್ಲಿ ಇದನ್ನು ಕೇಳಿ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಅಲ್ವೇ, ತಾಳಿ ಕಟ್ಟೋಕೆ ಮುಂಚೆ ಯಾರಾದ್ರೂ ಪಾಲಾಗ್ತಾರೇನೇ?" ಅಂದರು.

ಆದರೂ ನಾನು ಹಾಸನದವಳು ತಾನೇ, ಸೈಟು ಅಂದರೆ ಮೊದಲು ಕಾಂಪೌಂಡ್. ಗೋಡೆ ಕಟ್ಟಿಸೋಣ ಅಂತ ಹೇಳಿದೆ. ಅತ್ತೆ "ಹೂಂ, ಚೆನ್ನಾಗಿರುತ್ತೆ" ಅಂದರು. ನಮ್ಮೆಜಮಾನರು "ನೋಡೋಣ" ಅಂದರು. ಎಲ್ಲೆ ತೋರಿಸಲು ಕರೆದಾಗ ಪಕ್ಕದ ಮನೆಯವರೂ "ಒಳ್ಳೇ ಯೋಚನೆ" ಅಂದರು. ಇಷ್ಟು ಜನ ಒಪ್ಪಿದ ಮೇಲೆ ಗೋಡೆ ಏಳುವುದಿಲ್ಲ ಅಂತ ಈಗ ನನಗೆ ಗೊತ್ತು. ಜಾವಾದವರು ಬೇಡ ಅನ್ನುವುದೇ ಹೀಗೆ. ಒಂದು ಇಟ್ಟಿಗೆ ಕೂಡ ಬಂದಿಲ್ಲ.

ರಸ್ತೆಗೆ ಬರೋಣ. ಮದುವೆ ಮನೆಯ ಹುಡುಗ, ಗರಿಗರಿ ಬಾಟಿಕ್ ಶರ್ಟು, ಕೈಮುಗಿದು ದಾರಿ ಹೇಳಿದ. "ಪಶ್ಚಿಮಕ್ಕೆ ಹೋಗಿ ಅಕ್ಕಾ, ಮಸೀದಿ ಹತ್ತಿರ ದಕ್ಷಿಣಕ್ಕೆ, ಆಮೇಲೆ ಪೂರ್ವಕ್ಕೆ." ನಾನು ನಡುರಸ್ತೆಯಲ್ಲಿ ಸೂರ್ಯನಿಗೆ ಮುಖ ಮಾಡಿ, ಎರಡೂ ಕೈ ಚಾಚಿ, ಮಿಡ್ಲ್ ಸ್ಕೂಲಿನ ಮೇಷ್ಟ್ರನ್ನು ನೆನೆಸಿಕೊಂಡು ದಿಕ್ಕು ಹಿಡಿದೆ. ಬಲಗೈ ದಕ್ಷಿಣ, ಬೆನ್ನು ಪಶ್ಚಿಮ. ಕುರ್ಚಿಯಲ್ಲಿದ್ದ ನೆಂಟರು ಇದು ಪರದೇಶದ ಆಶೀರ್ವಾದ ಅಂದುಕೊಂಡರೋ ಏನೋ, ಇಬ್ಬರು ವಾಪಸ್ ನಮಸ್ಕಾರ ಮಾಡಿದರು.

ಆ ಬಳಸುದಾರಿಯಲ್ಲಿ ಭತ್ತ ಒಣಗುತ್ತಿತ್ತು. ನಮ್ಮ ಕಡೆ ರಾಗಿ ತೆನೆ, ಹುರುಳಿ ರಸ್ತೆಗೆ ಹಾಸುತ್ತಾರೆ, ಬಸ್ಸು-ಲಾರಿಗಳು ಅದರ ಮೇಲೆ ಹೋದಷ್ಟೂ ಒಕ್ಕಣೆ ಆಯಿತು ಅಂತ ರೈತರಿಗೆ ಖುಷಿ. ಇಲ್ಲಿ ಹಾಸಿರುವುದು ಒಕ್ಕಿದ ಕಾಳು. ಚಕ್ರ ತಾಗಬಾರದು. ಮರದ ಕುಂಟೆ ಹಿಡಿದ ತಾತ ಒಬ್ಬರು "ಬನ್ನಿ, ಬನ್ನಿ" ಅಂತ ನಗುತ್ತಾ, ನನ್ನ ಮುಂದೆ ಒಂದು ಟೈರಿನಷ್ಟೇ ಅಗಲದ ದಾರಿ ಬಿಡಿಸುತ್ತಾ ಹೊರಟರು. ಒಂದು ಎಳೆತ. ನಿಲ್ಲುವುದು. ಅಂಚಿಗೆ ಸಿಡಿದ ಕಾಳನ್ನು ಕಾಲಿನಿಂದ ಒಳಗೆ ಸರಿಸುವುದು. ಇನ್ನೊಂದು ಎಳೆತ. ನಾನು ಕಾಲೂರಿಕೊಂಡು ಅವರ ಹಿಂದೆ. ನಡುವೆ ತಿರುಗಿ ಕೇಳಿದರು, "ಸೋಲೋಗೆ ತಾನೇ?"

ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅದಕ್ಕೆ ಶಾಮಿಯಾನ ಅಡ್ಡ ಬಂದಿರಲಿಲ್ಲ.

ಮುಂದಿನದು ಗೊತ್ತೇ ಇದೆ. ಮುಂದಿನ ರೈಲು ಹಿಡಿದು ಹೋದರೆ ನನ್ನ ಸರದಿ ಮುಗಿದಿತ್ತು. ಬೇರೆ ದಿನ ಕೊಟ್ಟರು. ಹೋದ ಕೆಲಸ ಆಗಲಿಲ್ಲ. ಅಮ್ಮನಿಗೆ ಇದನ್ನು ಹೇಳುವುದಿಲ್ಲ.

ಸಂಜೆ ಸೆರಾಬಿಯ ಪೊಟ್ಟಣ ಹಿಡಿದು ಅಜ್ಜಿಯ ಮಂಚದ ಅಂಚಿನಲ್ಲಿ ಕೂತೆ. ಸಿಟ್ಟಿತ್ತು, ಕಾಲೂ ನೋಯುತ್ತಿತ್ತು. ಅಜ್ಜಿ ಒಂದು ತಿಂದು, ಒಂದನ್ನು ಎಲೆ ಸಮೇತ ಎತ್ತಿಟ್ಟರು. ತಂಗಿಯ ಮಾತು ತೆಗೆದರು. ತಂಗಿ ಇರುವುದು ಸುಮಾತ್ರಾದ ಲಾಂಪುಂಗ್‌ನಲ್ಲಿ. ಜಾವಾದಲ್ಲಿ ನೆಲ ಸಾಲದೆ ರೈತರನ್ನು ಅಲ್ಲಿಗೆ ಸಾಗಿಸುವುದನ್ನು ಡಚ್ಚರು 1905ರಲ್ಲೇ ಶುರು ಮಾಡಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೂ ಮುಂದುವರಿಸಿತು. ಹೊಸದಾಗಿ ಮದುವೆಯಾಗಿದ್ದ ತಂಗಿ, ಅವಳ ಗಂಡ ಆ ಯೋಜನೆಯಲ್ಲೇ ಹೋದವರು. ಇಲ್ಲಿ ಅಣ್ಣತಮ್ಮಂದಿರಲ್ಲಿ ಹರಿದು ಹಂಚಿದರೆ ಒಂದು ಮಡಿ ಗದ್ದೆಯೂ ಸಿಗುತ್ತಿರಲಿಲ್ಲ. ಅಲ್ಲಿ ಎರಡು ಹೆಕ್ಟೇರ್ ಸಿಕ್ಕಿತು. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದಳಂತೆ. ಈಗ ಮಂಡಿನೋವು, ಫೋನಿನಲ್ಲೇ ಮಾತು.

"ಎರಡು ಹೆಕ್ಟೇರು," ಅಂದರು ಅಜ್ಜಿ. "ಆದ್ರೆ ಮನೆ ಮುಂದೆ ಒಬ್ಬರೂ ಹಾದುಹೋಗಲ್ಲವಂತೆ. ಪಕ್ಕದ ಮನೆ ಕಣ್ಣಿಗೇ ಬೀಳಲ್ಲವಂತೆ."

ನಾನು ಸುಮ್ನೆ ಸೆರಾಬಿ ತಿಂದೆ. ಗೋಡೆಯ ವಿಷಯ ಅವತ್ತು ಎತ್ತಲಿಲ್ಲ.

ಕತ್ತಲಾದ ಮೇಲೆ ಮದುವೆ ಮನೆಯವರು ಬಂದರು, ಸಹಜವಾಗಿ, ಅಂಗಳದ ಅಡ್ಡದಾರಿಯಲ್ಲೇ. ಅನ್ನ, ಕೋಳಿ, ತೆಂಪೆ ಇದ್ದ ಡಬ್ಬ ಕೊಟ್ಟು, ಗದ್ದಲಕ್ಕೆ, ದಾರಿ ಮುಚ್ಚಿದ್ದಕ್ಕೆ ಕ್ಷಮೆ ಕೇಳಿದರು. ಅಷ್ಟು ವಿನಯವಾಗಿ ಕೇಳಿದರೆ ಸಿಟ್ಟು ಇಟ್ಟುಕೊಳ್ಳುವುದು ಎಲ್ಲಿ? ಆಮೇಲೆ ಸ್ವಲ್ಪ ಕೆಮ್ಮಿ, ಮುಂದಿನ ತಿಂಗಳು ಅವರ ತಮ್ಮನ ಮಗಳ ಮದುವೆಯೂ ಇದೆ ಅಂದರು. ಮುಯ್ಯಿ ಬರೆದಿಡುವ ಪುಸ್ತಕ ನಮ್ಮನೆಯಲ್ಲೂ ಇದೆ, ಕವರಿಗೆ ಎಷ್ಟು ಹಾಕಬೇಕು ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಅವರು ಕೇಳಲು ಬಂದಿದ್ದು ಬೇರೆ. ಆ ಮದುವೆಯ ಅಡುಗೆಗೆ ಜಾಗ ಸಾಲದು, ನಿಮ್ಮ ಅಂಗಳ ಸಿಕ್ಕರೆ ದೊಡ್ಡ ಉಪಕಾರ. ಹೇಗೂ ಗೋಡೆ ಇಲ್ಲವಲ್ಲ, ಅನುಕೂಲ.

ನಮ್ಮೆಜಮಾನರು "ಅದಕ್ಕೇನಂತೆ" ಅಂದೇಬಿಟ್ಟರು. ನಾನು ಯಾವತ್ತು ಅಂತ ಕೇಳಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ತೋರಿಸಿದರು. ಸೋಲೋದಲ್ಲಿ ನನಗೆ ಹೊಸದಾಗಿ ಕೊಟ್ಟ ದಿನ ಅದೇ.

ಅವರು ಹೋದ ಮೇಲೆ ನನ್ನ ಮುಖ ನೋಡಿ ಅತ್ತೆ ಸಮಾಧಾನ ಮಾಡಿದರು. "ಯೋಚನೆ ಮಾಡಬೇಡ. ಒಲೆಗಳೆಲ್ಲ ಬಾವಿಯ ಉತ್ತರಕ್ಕೆ ಬರುತ್ತವೆ. ನೀನು ಹಿಂದಿನ ರಾತ್ರಿಯೇ ಬೈಕನ್ನು ಶಾಮಿಯಾನದ ಪೂರ್ವಕ್ಕೆ, ತಾತನ ಭತ್ತದ ದಕ್ಷಿಣಕ್ಕೆ ನಿಲ್ಲಿಸಿಬಿಡು."