ಮೊಲ ಕೊಡುವುದಿದೆ, ಆದರೆ ಎಲ್ಲರಿಗೂ ಅಲ್ಲ

"ಎಷ್ಟು ಕೆಜಿ ಬರುತ್ತೆ ಸಾರ್?"

ಪಕ್ಕದ ಮನೆಯವರ ಮೊಲಕ್ಕೆ ಒಂದು ಮನೆ ಬೇಕು ಅಂತ ಹಾಕಿದ್ದ ಪೋಸ್ಟಿಗೆ ಇನ್‌ಬಾಕ್ಸಿನಲ್ಲಿ ಬಂದ ಮೊದಲ ಪ್ರಶ್ನೆ ಇದು. ತಿನ್ನುವವರ ಮೇಲೆ ನನಗೇನೂ ಸಿಟ್ಟಿಲ್ಲ. ಮಾಂಸಕ್ಕೆ ಅಂತಲೇ ಮೊಲ ಸಾಕುವವರು ನಮ್ಮಲ್ಲೇ ಇದ್ದಾರೆ, ಅಲ್ಲಿ ಹೋಗಿ ಕೊಳ್ಳಲಿ. ಸೋಫಾ ಕೆಳಗೆ ಮಲಗಿ ಬೆಳೆದು, ಹೆಸರು ಕರೆದರೆ ಓಡಿ ಬರುವ ಪ್ರಾಣಿಯನ್ನೇ ತೂಕಕ್ಕೆ ಹಾಕಬೇಕಾ?

ವಿಷಯ ಇಷ್ಟೇ. ಪಕ್ಕದ ಮನೆಯವರಿಗೆ ದೆಹಲಿಗೆ ವರ್ಗ ಆಗಿದೆ, ಮೂರನೇ ಮಹಡಿಯ ಬಾಡಿಗೆ ಮನೆ, ಮಾಲೀಕರು ಪ್ರಾಣಿ ಬೇಡ ಅಂದಿದ್ದಾರೆ. ಮೈಸೂರಿನಲ್ಲಿ ಮೊಲಕ್ಕೆ ಮನೆ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಮೊಲದ ಹೆಸರು ಗುಂಡ. ಅಂಗಡಿಯವನು ಗಂಡು ಅಂತ ಕೊಟ್ಟಿದ್ದ, ಆಮೇಲೆ ಡಾಕ್ಟರು ನೋಡಿ ಹೆಣ್ಣು ಅಂದರು. ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ, ಎರಡೂ ಹೆಣ್ಣು ಅಂತ ಜೋಡಿ ಕೊಂಡು ತಂದವರ ಮನೆಯಲ್ಲಿ ಮರಿ ಹುಟ್ಟಿದ ಕಥೆಗಳು ಬೇಕಾದಷ್ಟಿವೆ. ಹೆಸರು ಮಾತ್ರ ಗುಂಡ ಅಂತಲೇ ಉಳಿಯಿತು.

ಹುಡುಕುವಾಗ ನನಗೆ ಅನಿಸಿದ್ದು ಏನೆಂದರೆ, ಇದು ಕೊಡುವ ಕೆಲಸವೇ ಅಲ್ಲ, ಬೇಡ ಅನ್ನುವ ಕೆಲಸ. ಕೇಳಿದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಇಲ್ಲ ಅನ್ನುವ ಧೈರ್ಯ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಅದಕ್ಕೇ ಪೋಸ್ಟಿನಲ್ಲಿ 'ಉಚಿತ' ಅಂತ ಬರೆಯಲೇಬೇಡಿ. ಒಂದು ಸಾವಿರ ರೂಪಾಯಿ ಅಂತ ಹಾಕಿ, ಬೇಕಾದರೆ ಅದನ್ನು ಹುಲ್ಲಿನ ಖರ್ಚಿಗೆ ಅಂತ ವಾಪಸ್ ಕೊಡಿ. ಸುಮ್ನೆ ಸಿಗುತ್ತೆ ಅಂತ ಬರುವವರು ಅರ್ಧ ಅಲ್ಲೇ ಕಡಿಮೆಯಾಗುತ್ತಾರೆ. ಆ ಅರ್ಧದಲ್ಲಿ ಅಡುಗೆ ಮನೆಗೆ ಒಯ್ಯುವವರೂ ಇರುತ್ತಾರೆ.

ಸಲಹೆ ಕೊಡುವವರ ಗುಂಪು ಇನ್ನೊಂದು. "ಕುಕ್ಕರಹಳ್ಳಿ ಕೆರೆ ಹತ್ರ ಬಿಟ್ಬಿಡಿ, ಹುಲ್ಲು ತಿಂದ್ಕೊಂಡು ಆರಾಮಾಗಿರುತ್ತೆ" ಅಂದರು ಒಬ್ಬ ಹಿರಿಯರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ನಮ್ಮ ಹೊಲ ಗದ್ದೆಯಲ್ಲಿ ಓಡುವ ಕಾಡುಮೊಲವೇ ಬೇರೆ, ಇದೇ ಬೇರೆ. ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತೆ, ಬಯಲಲ್ಲೇ ಬದುಕುತ್ತೆ. ಮನೆಯಲ್ಲಿ ಸಾಕುವುದು ಯುರೋಪಿನ ಮೊಲದ ವಂಶ. ಬಿಲದಲ್ಲಿ, ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುವ ಜಾತಿ. ಅದರಲ್ಲೂ ಬೆಳ್ಳಗೆ ಹತ್ತಿಯ ಹಾಗಿರುವ ಗುಂಡನನ್ನು ಕೆರೆ ಏರಿಯಲ್ಲಿ ಬಿಟ್ಟರೆ ಬೀದಿನಾಯಿ, ಮುಂಗುಸಿ, ಹದ್ದು ಯಾವುದಕ್ಕೆ ಮೊದಲು ಸಿಗುತ್ತೆ ಅನ್ನೋದಷ್ಟೇ ಪ್ರಶ್ನೆ. ಸಾಕಿದ ಪ್ರಾಣಿಯನ್ನು ಹೀಗೆ ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ದಂಡ ಎಷ್ಟು ಗೊತ್ತಾ? ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಇವತ್ತಿಗೆ ಒಂದು ಮಸಾಲೆ ದೋಸೆಗೂ ಸಾಲದು.

ಮಗುವಿನ ಬರ್ತ್‌ಡೇಗೆ ಅಂತ ಕೇಳಿದವರೇ ಜಾಸ್ತಿ. ಇವರಿಗೆ ಬೇಡ ಅನ್ನುವಾಗ ನಿಜಕ್ಕೂ ಬೇಜಾರಾಗುತ್ತೆ. ಆದರೆ ಮೊಲ ಎತ್ತಿ ಮುದ್ದಾಡಿಸಿಕೊಳ್ಳುವ ಪ್ರಾಣಿ ಅಲ್ಲ. ಬೇರೆ ಪ್ರಾಣಿಗಳಿಗೆ ಆಹಾರವಾಗಿ ಬದುಕಿದ ಜಾತಿ ಅದು. ನೆಲದಿಂದ ಎತ್ತಿದ ಕೂಡಲೇ ಯಾರೋ ಹಿಡಿದರು ಅಂತಲೇ ಅದಕ್ಕೆ ಅನಿಸುವುದು. ಹಿಂಗಾಲು ಝಾಡಿಸಿ ಒದೆಯುತ್ತೆ, ಹಾಗೆ ಒದೆಯುವಾಗ ಅದರದೇ ಬೆನ್ನುಮೂಳೆ ಮುರಿಯಬಹುದು. ಇನ್ನು ಕಿವಿ ಹಿಡಿದು ಎತ್ತುವುದಂತೂ ಕೇಳಲೇಬೇಡಿ. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುತ್ತೆ. ಇವತ್ತು ಒಂದನೇ ಕ್ಲಾಸಿನಲ್ಲಿರುವ ಮಗು ಎಸ್ಸೆಸ್ಸೆಲ್ಸಿ ಬರೆಯುವಾಗಲೂ ಅದಕ್ಕೆ ಹುಲ್ಲು ಹಾಕುವವರು ಅಪ್ಪ ಅಮ್ಮನೇ. ಆದ್ದರಿಂದ ಮೊಲ ಬೇಕಾ ಅಂತ ಮಗುವನ್ನು ಕೇಳಬೇಡಿ, ನಿಮ್ಮನ್ನು ನೀವು ಕೇಳಿಕೊಳ್ಳಿ.

"ಹೆಣ್ಣಾ? ನನ್ನ ಹತ್ರ ಗಂಡಿದೆ, ಜೋಡಿ ಆಗುತ್ತೆ" ಅಂದವರೂ ಇದ್ದಾರೆ. ಮೊಲದ ಗರ್ಭ ಬರೀ ಒಂದು ತಿಂಗಳು. ಮರಿ ಹಾಕಿದ ದಿನವೇ ಮತ್ತೆ ಗಬ್ಬ ನಿಲ್ಲಬಹುದು. ಆ ಮರಿಗಳಿಗೆಲ್ಲ ಮನೆ ಹುಡುಕುವವರು ಯಾರು? ಅದಕ್ಕೇ ಆಪರೇಷನ್ ಮಾಡಿಸಿಯೇ ಕೊಡುವುದು ಅಂತ ತೀರ್ಮಾನ ಮಾಡಿದೆವು. ಮಾಡಿಸದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ತುಂಬಾ ಜಾಸ್ತಿ. ಆದರೆ ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರಿಗೂ ಮೊಲ ಗೊತ್ತಿರುತ್ತೆ ಅಂದುಕೊಳ್ಳಬೇಡಿ. ನಮಗೆ ಕೊಡುವ ಅಮಾಕ್ಸಿಸಿಲಿನ್ ಮಾತ್ರೆಯನ್ನೇ ಅದರ ಬಾಯಿಗೆ ಹಾಕಿದರೆ ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಹೋಗಿಬಿಡಬಹುದು. ಮೊಲ ನೋಡಿ ಅಭ್ಯಾಸ ಇರುವವರನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಒಬ್ಬರಂತೂ ಮೊಲ ನೀರೇ ಕುಡಿಯಲ್ಲ, ನಾವು ಚಿಕ್ಕಂದಿನಲ್ಲಿ ಸಾಕಿದ್ದೆವು ಅಂತ ಫೋನಿನಲ್ಲಿ ವಾದಕ್ಕೇ ನಿಂತರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋದು ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಗುಂಡ ದಿನಕ್ಕೆ ಒಂದು ದೊಡ್ಡ ಬಟ್ಟಲು ನೀರು ಖಾಲಿ ಮಾಡುತ್ತೆ, ಖಾಲಿಯಾದರೆ ಬಟ್ಟಲನ್ನು ಹಲ್ಲಲ್ಲಿ ಕಚ್ಚಿ ಟಣ್ ಅಂತ ನೆಲಕ್ಕೆ ಎಸೆಯುತ್ತೆ.

ಕಲಬುರಗಿಯಿಂದ ಕೇಳಿದವರು ನಿಜಕ್ಕೂ ಒಳ್ಳೆಯವರು, ಕೊಡಬೇಕು ಅಂತ ಆಸೆಯೂ ಆಯಿತು. ಆದರೆ ಮೊಲ ಇಡುವ ಜಾಗ ತಾರಸಿಯ ತಗಡಿನ ಶೆಡ್ಡು. ಮೊಲಕ್ಕೆ ನಮ್ಮ ಹಾಗೆ ಬೆವರುವುದಕ್ಕೆ ಬರುವುದಿಲ್ಲ, ಮೈಯ ಬಿಸಿ ಹೊರಗೆ ಹೋಗುವುದು ಹೆಚ್ಚಾಗಿ ಆ ಉದ್ದ ಕಿವಿಗಳಿಂದಲೇ. 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ಮೇ ತಿಂಗಳಲ್ಲಿ 40 ದಾಟುವ ಊರಿನಲ್ಲಿ ತಗಡಿನ ಕೆಳಗೆ ಹೇಗೆ? ಮನೆಯೊಳಗೆ ಇಡಲು ಆಗುತ್ತಾ ಅಂದೆ, ಆಗಲ್ಲ ಅಂದರು, ಅಲ್ಲಿಗೆ ಮುಗಿಯಿತು.

ಈಗ ಇಬ್ಬರ ಜೊತೆ ಮಾತು ನಡೆಯುತ್ತಿದೆ. ಯಾರು ತೆಗೆದುಕೊಂಡರೂ ಮೊದಲ ವಾರದ ಮಾತು ಒಂದೇ. ಇಲ್ಲಿ ತಿನ್ನುತ್ತಿದ್ದ ಹುಲ್ಲನ್ನೇ ಒಂದು ಚೀಲ ಕಳಿಸುತ್ತೇವೆ, ಅದರ ವಾಸನೆ ಇರುವ ಹಳೇ ಬೆಡ್‌ಶೀಟೂ ಹೋಗುತ್ತೆ, ತೊಳೆಯಬೇಡಿ. ಕ್ಯಾರೆಟ್ ಬೇಡ, ಅದು ಸಿಹಿ, ಯಾವಾಗಲೋ ಒಂದು ಚೂರು ಸಾಕು. ಊಟ ಅಂದರೆ ಒಣಹುಲ್ಲು, ಗರಿಕೆ, ಸ್ವಲ್ಪ ಸೊಪ್ಪು. ಹಲ್ಲು ಜೀವನವಿಡೀ ಬೆಳೆಯುತ್ತಲೇ ಇರುತ್ತೆ, ಸವೆಸುವುದಕ್ಕೆ ಹುಲ್ಲೇ ಬೇಕು. ಇನ್ನು ಹಿಕ್ಕೆ ನೋಡುವುದನ್ನು ಅಸಹ್ಯ ಅಂದುಕೊಳ್ಳಬೇಡಿ. ಕಡಲೆಕಾಳಿನಷ್ಟು ದಪ್ಪ, ದುಂಡಗೆ, ಒಣಗಿ ಇದ್ದರೆ ಎಲ್ಲ ಸರಿ ಇದೆ ಅಂತ. ಅದು ಸಣ್ಣದಾದರೆ, ನಿಂತರೆ, ಅರ್ಧ ದಿನ ಏನೂ ತಿನ್ನದಿದ್ದರೆ ನಾಳೆ ನೋಡೋಣ ಅನ್ನಬೇಡಿ, ಕರುಳು ನಿಂತಿರುತ್ತೆ, ಆಗಲೇ ಡಾಕ್ಟರ ಹತ್ತಿರ ಓಡಿ.

ಬೇಕು ಅನ್ನುವವರು ಇನ್‌ಬಾಕ್ಸಿನಲ್ಲಿ ಬರೆಯಿರಿ. ಮನೆಯಲ್ಲಿ ಹಗಲು ಯಾರಿರುತ್ತಾರೆ, ಬೇಸಿಗೆಯಲ್ಲಿ ಮೊಲ ಎಲ್ಲಿರುತ್ತೆ, ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು, ಇಷ್ಟು ತಿಳಿಸಿ. ನಾನು ಒಮ್ಮೆ ಮನೆ ನೋಡಲು ಬರುತ್ತೇನೆ, ಕಾಫಿ ಕೊಟ್ಟರೆ ಕುಡಿಯುತ್ತೇನೆ. ದೀಪಾವಳಿಯ ಪಟಾಕಿ ಸದ್ದು ಮುಗಿಯುವವರೆಗೆ ಗುಂಡ ಇಲ್ಲೇ ಇರುತ್ತೆ, ಆಮೇಲೆ ಕಳಿಸುವುದು.