ನೆಟ್‌ಹ್ಯಾಕ್ ನಾಯಿಗೆ ಕಳ್ಳತನ ಕಲಿಸಲು ಒಂದೇ ತುತ್ತು ಸಾಕು

ನೆಟ್‌ಹ್ಯಾಕ್ ಎಂಬ ಕಂಪ್ಯೂಟರ್ ಆಟದಲ್ಲಿ ಹೊಸಬರು ಕಳ್ಳತನಕ್ಕೆಂದು ನಾಯಿಮರಿಯನ್ನು ಅಂಗಡಿಗೆ ನುಗ್ಗಿಸಿ, ಅದು ಏನೂ ತರಲಿಲ್ಲವೆಂದು ಮೇಲಿಂದ ಮೇಲೆ ಟ್ರೈಪ್ ರೇಷನ್ (ನಾಯಿಗೆ ಇಷ್ಟವಾದ ಮಾಂಸದ ತಿನಿಸು) ಎಸೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಷ್ಟು ತಿನ್ನಿಸಿದಿರಿ ಅನ್ನುವುದಕ್ಕಿಂತ ಯಾವ ಹೊತ್ತಿಗೆ ತಿನ್ನಿಸಿದಿರಿ ಅನ್ನುವುದು ಮುಖ್ಯ.

ಆಟದ ಸೋರ್ಸ್ ಕೋಡ್ ಯಾರು ಬೇಕಾದರೂ ಓದಬಹುದು. ಅದರಲ್ಲಿ ಪ್ರತಿ ಸಾಕುಪ್ರಾಣಿಗೂ ‘ಅಪೋರ್ಟ್’ ಎಂಬ ಅಂಕಿ ಇದೆ. ಸಾಮಾನನ್ನು ಕಚ್ಚಿಕೊಂಡು ಒಡೆಯನ ಹತ್ತಿರ ತರುವ ಉಮೇದು ಅದು. ಪ್ರತಿ ಸಲ ಸಾಮಾನು ಕೆಳಗಿಟ್ಟಾಗ ಇದು 1 ಇಳಿಯುತ್ತದೆ. ಏರಿಸಬೇಕಾದರೆ ನಾಯಿ ಸಾಮಾನು ಬೀಳಿಸಿದ ಮೇಲೆ ಟ್ರೈಪ್ ಎಸೆಯಬೇಕು. ಬೀಳಿಸಿದಾಗ ನಿಮ್ಮಿಂದ ಇದ್ದ ದೂರದ ವರ್ಗಕ್ಕೆ ಆಮೇಲೆ ತಿನ್ನುವವರೆಗೆ ಕಳೆದ ಟರ್ನ್‌ಗಳನ್ನು (ಆಟದ ಸರದಿಗಳನ್ನು) ಕೂಡಿಸಿ, ಆ ಮೊತ್ತದಿಂದ 200ನ್ನು ಭಾಗಿಸಿದರೆ ಎಷ್ಟು ಬರುತ್ತದೋ ಅಷ್ಟು ಸೇರುತ್ತದೆ. ಕರ್ಣದಲ್ಲಲ್ಲ, ನೇರ ಪಕ್ಕದ ಚೌಕದಲ್ಲೇ ಬೀಳಿಸಿ, ಮರು ಟರ್ನ್‌ನಲ್ಲೇ ತಿಂದರೆ 200ನ್ನು 2ರಿಂದ ಭಾಗಿಸಿ, ಅಂದರೆ 100. ಐವತ್ತು ಟರ್ನ್ ತಡ ಮಾಡಿದಿರೋ, ಬರೀ 3! ಅಪೋರ್ಟ್ 17 ಮುಟ್ಟಿದರೆ ಎತ್ತಿಕೊಳ್ಳುವ ಪರೀಕ್ಷೆಯಲ್ಲಿ ಸೋಲೇ ಇಲ್ಲ. ಹಾಗಾಗಿ ಹೊತ್ತಿಗೆ ಸರಿಯಾಗಿ ಬಿದ್ದ ಒಂದೇ ತುತ್ತು ಎಂಬತ್ತು ಸಲದ ಕಳ್ಳತನಕ್ಕೆ ಸಾಲುತ್ತದೆ. ಈ ಪಾಠ ಅಂಗಡಿಗೆ ಹೋಗುವ ಮೊದಲೇ, ನಿಮ್ಮದೇ ಸಾಮಾನು ನೆಲಕ್ಕೆ ಹಾಕಿ ಮುಗಿಸಿಕೊಳ್ಳಿ. ಬೆಕ್ಕಿಗೂ ಟ್ರೈಪೇ ಆಗುತ್ತದೆ, ಕುದುರೆಮರಿಗೆ ಸೇಬು ಅಥವಾ ಕ್ಯಾರೆಟ್.

ಇನ್ನು ನಿಲ್ಲುವ ಜಾಗ. ಅಂಗಡಿಯ ಒಳಗೆ ನಿಂತರೆ ನಾಯಿ ಅಲ್ಲೇ ಬೀಳಿಸುತ್ತದೆ, ಸಾಮಾನು ಅಂಗಡಿಯವನದ್ದಾಗಿಯೇ ಉಳಿಯುತ್ತದೆ. ಬಾಗಿಲಿನ ಹೊರಗೆ, ನೇರ ಸಾಲಿನಲ್ಲಿ ನಿಲ್ಲಿ. ನಿಮ್ಮ ದೃಷ್ಟಿ ತಲುಪದ ಮೂಲೆಯಲ್ಲಿದ್ದರೆ ನಾಯಿ ಸಾಮಾನನ್ನು ಹುಡುಕಿಕೊಂಡು ಹೋಗುವುದೇ ಇಲ್ಲ. ಬಹಳ ಜನ ಎಡವುವುದು ಇಲ್ಲೇ. ಕಾಸು ಕೊಡದ ಸಾಮಾನು ನಿಮ್ಮ ಕೈಯಲ್ಲಿದ್ದರೆ ಅಂಗಡಿಯವನು ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ, ಆಗ ನಾಯಿಗೂ ದಾರಿ ಬಂದ್. ಗೋಡೆ ಅಗೆಯುವ ಪಿಕ್-ಆಕ್ಸ್ ಹಿಡಿದು ಹೊಸ್ತಿಲಲ್ಲಿ ನಿಂತರೂ ಅದೇ ಕಥೆ. ಮ್ಯಾಜಿಕ್ ವಿಸಲ್ ಸಿಕ್ಕಿದ್ದರೆ ಕೆಲಸ ಇನ್ನೂ ಸಲೀಸು: ನಾಯಿ ಕಚ್ಚಿಕೊಂಡ ಕೂಡಲೇ ಊದಿ, ಮಾಲು ಸಮೇತ ಪಕ್ಕಕ್ಕೆ ಬಂದು ನಿಲ್ಲುತ್ತದೆ.

ತೂಕವನ್ನೂ ನೋಡಿ. 3 ತೂಕದ ಉಂಗುರ, 7ರ ವ್ಯಾಂಡ್ (ಮಂತ್ರದಂಡ), 20ರ ಪೋಷನ್ (ಮದ್ದಿನ ಸೀಸೆ) ಮರಿಗೆ ಲೆಕ್ಕವಿಲ್ಲ. 450 ತೂಕದ ಲೋಹದ ಕವಚ ಪ್ಲೇಟ್ ಮೇಲ್‌ಗೆ ಕಾಯುತ್ತ ಕೂರಬೇಡಿ. ಶಾಪಗ್ರಸ್ತ ವಸ್ತುವನ್ನು ನಾಯಿ ಎತ್ತುವುದಿಲ್ಲ, ಆದ್ದರಿಂದ ಅದು ತಂದ ಉಂಗುರವನ್ನು ‘ಕರ್ಸ್ಡ್ ಇರಬಹುದೇ’ ಎಂಬ ಅಳುಕಿಲ್ಲದೆ ಬೆರಳಿಗೆ ಹಾಕಬಹುದು. ಅದು ಯಾವ ಉಂಗುರ ಅನ್ನುವ ಭಯ ಮಾತ್ರ ಬೇರೆ.